ಸತ್ಕಾರ ಮಾಡಿ ಕೆಳಗಿಳಿಸಿದ ಪೈಲಟ್

ಆಕಿ ಹೆಸರು ನಾ ಬರಿಯಂಗಿಲ್ಲ. ಬರದ್ರ ಇಂಡಿಯೊಳಗ ಮತ್ತೊಂದು ಬ್ಯಾನರ್ ಎದ್ದೀತು ಅನ್ನೂ ಅಂಜಿಕಿ ನನಗ. ನಮ್ಮ ಮಂದಿಗೆ ಒಂದು ಹೆಸರು ಸಿಕ್ರ ಸಾಕು, ಅದನ್ನ ಅಚ್ಚ ಹಾಕಿಸಿ, ಎರಡೂ ಕಡೆ ತಮ್ಮ ತಮ್ಮ ಮಾರಿ ಅಂಟಿಸಿ, ಬಸ್‌ಸ್ಟ್ಯಾಂಡ್ ಮುಂದ ಕಟ್ಟೂತನಕ ಉಂಡದ್ದು ಕರಗಂಗಿಲ್ಲ. ಮೊನ್ನೆ ಆಕಿ ಅಪ್ಪ ತೀರಿಕೊಂಡ್ರು. ಇಂಡಿಗೆ ಹೋಗಿ ಮಾತಾಡ್ಸಿಕೊಂಡು ಬಂದಾಗಿಂದ ನನಗ ಸಮಾಧಾನ ಅನ್ನೂದಿಲ್ಲ, ಊಟ ಸೇರವಲ್ದು. ಅದಕ್ಕ ಬರಿಯಾಕ ಕುಂತೇನಿ.

ನಾ ಮುದ್ದೇಬಿಹಾಳದ ಒಂದು ಪಿಯು ಕಾಲೇಜಿನ್ಯಾಗ ಕನ್ನಡ ಕಲಿಸಿ ರಿಟಾಯರ್ ಆದಾಕಿ. ಆಕಿ ನಮ್ಮಲ್ಲಿಗೆ ಫಿಜಿಕ್ಸ್ ಕಲಿಸಾಕ ಗೆಸ್ಟ್ ಲೆಕ್ಚರರ್ ಆಗಿ ಬಂದ್ಲು. ಮೊದಲನೇ ದಿನ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಕರಕೊಂಡು ಬಂದು, "ಇವರು ಪೈಲಟ್ ಅದಾರ್ರಿ" ಅಂದ್ರು. ಎಲ್ಲಾರೂ ನಕ್ರು. ಗಣಿತದ ಮಾಸ್ತರ ಒಬ್ಬರು, "ಏನ್ ಹೊಡೀತೀರವಾ? ಆಟೋನೋ, ಟಂಟಂನೋ?" ಅಂತ ಕೇಳಿದ್ರು. ಆಕಿ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ವಿಮಾನ್ರಿ ಸರ್" ಅಂದು, ಖುರ್ಚಿ ಎಳಕೊಂಡು ಪುಸ್ತಕ ತೆಗದು ಕುಂತ್ಲು.

ಖರೇನ ಪೈಲಟ್ ಆಕಿ. ಅಪ್ಪ ಇಂಡಿಯೊಳಗ ಲಿಂಬಿಹಣ್ಣಿನ ವ್ಯಾಪಾರಿ. ನಾವೆಲ್ಲಾ ಅವರಿಗೆ ಸಾಹೇಬ್ರು ಅಂತಿದ್ವಿ. ಆ ಮನಿತನದವರು ಎಷ್ಟೋ ತಲಿಮಾರಿಂದ ಅಲ್ಲೇ ಅದಾರ. ಮಗಳು ಸಣ್ಣಾಕಿದ್ದಾಗಿಂದ ಹಠ ಹಿಡದದ್ದಕ್ಕ ಇದ್ದೊಂದು ಲಿಂಬಿ ತ್ವಾಟ ಮಾರಿ, ದೂರದ ಊರಿಗೆ ಕಳಿಸಿ ವಿಮಾನ ಹಾರ್ಸೂದು ಕಲಿಸಿದ್ರು. ಲೈಸನ್ಸ್ ಏನೋ ಬಂತು. ಆದ್ರ ದೊಡ್ಡ ಕಂಪನಿಗೆ ಸೇರಬೇಕಂದ್ರ ಅವರ ವಿಮಾನದ್ದ ಬ್ಯಾರೆ ಟ್ರೇನಿಂಗ್ ಆಗಿರಬೇಕಂತ. ಅದಕ್ಕ ಮತ್ತೊಂದು ತ್ವಾಟ ಎಲ್ಲಿಂದ ತರಬೇಕು? ಹಿಂಗಾಗಿ ಮ್ಯಾಲ ಹಾರಬೇಕಾದಾಕಿ ನಮ್ಮ ಕಾಲೇಜಿನ್ಯಾಗ ಸೀಮೆಸುಣ್ಣ ಹಿಡದು ನಿಂತಿದ್ಲು. ಇರಾಕ ನಮ್ಮ ಮನಿ ಮ್ಯಾಲಿನ ಖೋಲಿ ಕೊಟ್ಟಿದ್ದೆ.

ಆಕಿ ಒಂದು ಸ್ಕೂಟಿ ಇಟ್ಟಿದ್ಲು. ಅದನ್ನ ಚಾಲೂ ಮಾಡೂಕಿಂತ ಮೊದಲ ಸುತ್ತ ಒಂದು ಸರ್ತಿ ಅಡ್ಡಾಡಿ, ಗಾಲಿ ಒತ್ತಿ ನೋಡಿ, ಬ್ರೇಕ್ ಹಿಡದು ನೋಡಿ, ಕನ್ನಡಿ ಒರಸಿ, ಹಾರ್ನ್ ಬಾರಿಸಿ ಆಮ್ಯಾಲ ಹತ್ತಾಕಿ. ಮಳಿ ಬರಲಿ ಬಿಸಿಲಿರಲಿ, ಇದು ತಪ್ತಿರಲಿಲ್ಲ. ಓಣಿ ಹುಡುಗರು ಕಟ್ಟಿ ಮ್ಯಾಲ ಕುಂತು, "ಹೊಂಟತು ನೋಡ್ರಲೇ, ಮುದ್ದೇಬಿಹಾಳ ಟು ದುಬೈ!" ಅಂತ ಕೂಗ್ತಿದ್ರು. ಒಮ್ಮೆ ನನಗೂ ತಡ ಆಗಿ ತಲಿ ಕೆಟ್ಟು, "ಯವ್ವಾ, ಇದೇನ್ ಆಕಾಶಕ್ಕ ಹೊಂಟೈತೇನ? ಬಜಾರಕ್ಕ ಹೋಗೂದೈತಿ" ಅಂತ ಬೈದೆ. "ಬಿದ್ರ ಎರಡೂ ಕಡೆ ಬೀಳೂದು ನೆಲಕ್ಕರಿ ಅಕ್ಕಾರ" ಅಂದು, ಹಿಂದಿನ ಗಾಲಿ ನೋಡೂದು ಮುಗಿಸಿದ ಮ್ಯಾಲನ ಹತ್ತಿದ್ಲು.

ಆಕಿ ಬಾಯಿ ಬಗ್ಗೆ ಹೇಳಬೇಕು. ಎಲ್ಲಾ ಆದದ್ದು ಬಾಯಿಂದನ. ಆಕಿ ಬಾಯಿಂದ ಅಲ್ಲ, ಊರ ಮಂದಿ ಬಾಯಿಂದ. ಆಕಿ ಬಾಯಿಗೆ ಮಾತ್ರ ಬೀಗ. ಸ್ಟಾಫ್ ರೂಮಿನ್ಯಾಗ ಒಬ್ಬರ ಸುದ್ದಿ ಇನ್ನೊಬ್ಬರು ಆಡಾಕ ಹತ್ತಿದ್ರ ಆಕಿ ಕಡೆ ಬಂದ ಸುದ್ದಿ ಅಲ್ಲೇ ಸತ್ತು ಬೀಳ್ತಿತ್ತು. ಒಂದು ವರ್ಷ ಒಬ್ಬ ವಿದ್ಯಾರ್ಥಿನಿ ಆಕಿ ಮುಂದ ಏನೋ ಹೇಳಿಕೊಂಡು ಅತ್ತಿತ್ತು. ಪ್ರಿನ್ಸಿಪಾಲರಿಗೆ ಸುಳಿವು ಹತ್ತಿ ಆಕೀನ ಕರಸಿ, ಏನದು ಹೇಳು ಅಂತ ಗಂಟು ಬಿದ್ರು. "ಆ ಹುಡುಗಿ ನನಗ ಹೇಳ್ಯಾಳ್ರಿ ಸರ್. ನಿಮಗ ಹೇಳಬೇಕಂತ ಅನ್ನಿಸಿದ್ರ ಆಕೀನ ಬಂದು ಹೇಳ್ತಾಳ" ಅಂದ್ಲು. ಅವರಿಗೆ ಮೈಯೆಲ್ಲಾ ಉರೀತು. ನಾಳಿಂದ ಬರಬ್ಯಾಡ ಅಂದ್ರು. ಆಕಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನಮಸ್ಕಾರ ಅಂತ ಹೊಂಟ್ಲು! ಕಡೀಕ ಅವರ ಗೇಟಿನ ತನಕ ಓಡಿ ಬಂದು ವಾಪಸ್ ಕರಕೊಂಡು ಹೋದ್ರು. ಫಿಜಿಕ್ಸಿಗೆ ಬ್ಯಾರೆ ಯಾರ ಸಿಗ್ತಿದ್ರು ಅವರಿಗೆ?

ಸೂಟಿ ಬಿದ್ದಾಗೆಲ್ಲ ಎಲ್ಲೋ ಹೋಗಿ ಒಂದಿಷ್ಟು ತಾಸು ಹಾರಿ ಬರ್ತಿದ್ಲು. "ಹಾರದ ಕುಂತ್ರ ಲೈಸನ್ಸ್ ಸಾಯ್ತೈತ್ರಿ ಅಕ್ಕಾರ" ಅಂತಿದ್ಲು. ಹೋಗುವಾಗ ಇದ್ದ ಮಾರಿ ಬರುವಾಗ ಇರ್ತಿರಲಿಲ್ಲ, ಬ್ಯಾರೆನ ಕಳಾ ಬಂದಿರ್ತಿತ್ತು. ಆದ್ರ ಅದನ್ನೂ ಎಷ್ಟು ದಿನ ಅಂತ ನಡಸೂದು? ಸಾಹೇಬ್ರಿಗೆ ವಯಸ್ಸಾಗಿತ್ತು. ಇದೊಂದು ವರ್ಷ ನೌಕರಿ ಆಗಲಿಲ್ಲಂದ್ರ ಬಿಟ್ಟಬಿಡ್ತೇನಿ ಅಂತ ಆಕಿ ನನ್ನ ಮುಂದ ಅಂದಿದ್ಲು. ಆಕಿ ಸುಮ್ನ ಅನ್ನೂ ಪೈಕಿ ಅಲ್ಲ.

ಆ ವರ್ಷನ ಆ ಕಂಪನಿ ಕರದದ್ದು. ನಿಮ್ಮಂಥಾ ನಮ್ಮಂಥಾ ಮಂದಿ ಟಿಕೀಟ್ ತಗಸಿ ಹೋಗೂ ವಿಮಾನ ಅಲ್ಲದು. ಮಂತ್ರಿಗಳು, ಸಕ್ಕರಿ ಕಾರ್ಖಾನಿ ಧಣಿಗಳು, ಸಿನಿಮಾದವರು ಇಡಿಯಾಗಿ ಬಾಡಿಗಿ ಹಿಡದು ಹೋಗ್ತಾರಲ್ಲ, ಅಂಥಾ ಸಣ್ಣ ಜೆಟ್ ವಿಮಾನ. ಆ ಕಂಪನಿಗೆ ಕೋ-ಪೈಲಟ್ ಬೇಕಾಗಿದ್ರು, ತಗೊಂಡವರಿಗೆ ಅವರ ಟ್ರೇನಿಂಗೂ ಕೊಡ್ತಿದ್ರು. ನಾ ರೊಟ್ಟಿ ಬಡಿಯಾಕತ್ತಿದ್ದೆ, ಆಕಿ ನನ್ನ ಅಡಗಿಮನ್ಯಾಗ ಕುಂತು ಫೋನಿನ್ಯಾಗನ ಅರ್ಜಿ ಹಾಕಿದ್ಲು. ನಮ್ಮ ಕಡೆ ಪ್ಯೂನ್ ಆಗಬೇಕಂದ್ರೂ ಯಾರರ ದೊಡ್ಡವರ ಕಡೆಯಿಂದ ಒಂದು ಮಾತು ಹೇಳಸೂ ರೂಢಿ. ಅದಕ್ಕ, "ಯಾರದರ ವಶೀಲಿ ಹಚ್ಚೂಣೇನ ತಂಗಿ?" ಅಂದೆ. "ವಶೀಲಿಗೆ ವಿಮಾನ ಇಳಿಯಂಗಿಲ್ರಿ ಅಕ್ಕಾರ" ಅಂದು ನಕ್ಲು. ಅರ್ಜಿ ಹಾಕಿದ ಮ್ಯಾಲ ಎದ್ದು ಕೈ ತೊಳಕೊಂಡು ಊಟಕ್ಕ ಕುಂತ್ಲು.

ಕರೆ ಬಂತು. ಹೋದ್ಲು. ಮೊದಲು ವಿಮಾನದ ಮುಂದಿನ ಭಾಗದಂಗ ಮಾಡಿಟ್ಟ ಒಂದು ಡಬ್ಬಿಯೊಳಗ ಕುಂಡ್ರಿಸಿ ಪರೀಕ್ಷಾ ಮಾಡಿದ್ರಂತ. ಎಂಜಿನ್ ಬಂದ್ ಮಾಡಿದ್ರಂತ, ಮಂಜು ಹಾಕಿದ್ರಂತ. ಅದೆಲ್ಲಾ ಸರಿ ಹೋತು. ಆಮ್ಯಾಲ ಒಬ್ಬ ಹಳೇ ಕ್ಯಾಪ್ಟನ್ ಒಳಗ ಕರದು, "ಹೊರಗ ಸೋಫಾದ ಮ್ಯಾಲ ಯಾರ್ ಕುಂತಿದ್ರು, ನೋಡಿದೇನು?" ಅಂತ ಕೇಳಿದ್ರಂತ. ಕುಂತವರು ಎಲ್ಲಾರಿಗೂ ಗೊತ್ತಿದ್ದವರಂತ, ದಿನಾ ಪೇಪರ್ನ್ಯಾಗ ಬರೂವಂಥವರು. ಆಕಿ, "ಯಾರೋ ಇಬ್ರು ಚಾ ಕುಡಿಯಾಕತ್ತಿದ್ರು" ಅಂದ್ಲು. ಕ್ಯಾಪ್ಟನ್ ಫೈಲ್ ಮುಚ್ಚಿ, "ನಮಗ ಬೇಕಾದದ್ದು ಇದ. ಹಾರ್ಸಾಕ ಭಾಳ ಮಂದಿ ಬರ್ತಾರ, ಸುಮ್ನ ಇರಾಕ ಬರಂಗಿಲ್ಲ" ಅಂದ್ರಂತ.

ಇದನ್ನ ಹೇಳಿದ್ದ ತಡ, ನಾ ಬಿಡ್ತೇನೇನು? "ಯಾರಿದ್ರವಾ? ನನ್ನ ಮುಂದ ಹೇಳ" ಅಂತ ಬೆನ್ನ ಹತ್ತಿದೆ. "ಇಬ್ರು ಚಾ ಕುಡಿಯಾಕತ್ತಿದ್ರು ಅಕ್ಕಾರ." ಆಣಿ ಹಾಕಿದೆ, ಸಿಟ್ಟ ಮಾಡಿದೆ, ಮಾತ ಬಿಟ್ಟೆ. ಉಹೂಂ! ಇವತ್ತಿಗೂ ಆ ಇಬ್ಬರು ಯಾರಂತ ನನಗ ಗೊತ್ತಿಲ್ಲ.

ನೌಕರಿ ಆಗೇತಿ ಅಂತ ಫೋನ್ ಬಂದ ದಿನ ಆಕಿ ನನ್ನ ಕೈಯಾಗಿನ ಹಿಟ್ಟು ಕಸ್ಕೊಂಡು ತಾನ ರೊಟ್ಟಿ ಬಡದ್ಲು. ಒಂದೂ ದುಂಡಗ ಆಗಲಿಲ್ಲ. ಇಬ್ರೂ ಬಿದ್ದು ಬಿದ್ದು ನಕ್ಕೊಂತ ತಿಂದ್ವಿ. ಪೊಲೀಸ್ ವೆರಿಫಿಕೇಶನ್ ಆದ ಮ್ಯಾಲ ಸೇರೂದು, ಅಲ್ಲೀತನಕ ಯಾರ ಮುಂದೂ ಹೇಳೂದು ಬ್ಯಾಡ ಅಂತ ಕಂಪನಿಯವರ ಅಂದಿದ್ರು. ಆಕಿ ಅಪ್ಪಗ ಹೇಳಿದ್ಲು, ನನಗ ಹೇಳಿದ್ಲು, ಅಷ್ಟ. ಸಾಹೇಬ್ರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಆ ಅಲ್ಲಾನ ಆಣಿ, ನಮ್ಮ ಬಸವಣ್ಣನ ಆಣಿ.

ಬಾಯಿ ಬಿಟ್ಟದ್ದು ಸರ್ಕಾರ. ಇಂಡಿಯೊಳಗ ಲಿಂಬಿ ಹರಾಜಿನ ಸವಾಲ್ ನಡದಾಗ, ಚೀಲ ಸುತ್ತುಗಟ್ಟಿ ನಿಂತ ಮಂದಿ ನಡು, ಒಬ್ಬ ಪೊಲೀಸಪ್ಪ ಬಂದು, "ಸಾಹೇಬ್ರ, ಮಗಳು ಜೆಟ್ ವಿಮಾನ ಹೊಡಿಯಾಕ ಹೊಂಟಾಳಂತಲ್ಲ! ವೆರಿಫಿಕೇಶನ್‌ಗೆ ಬಂದೇನಿ, ಚಾ ಹೇಳ್ರಿ" ಅಂತ ಕೂಗಿದ. ಸವಾಲ್ ನಿಂತ ಬಿಡ್ತು. ಆ ಚಾ ಬರೂದರೊಳಗ ಸುದ್ದಿ ಮುಖಂಡರ ಮನಿ ಮುಟ್ಟಿತ್ತು.

ಈ ಮುಖಂಡರು ಯಾವುದಕ್ಕ ಮುಖಂಡರು ಅಂತ ಕೇಳಬ್ಯಾಡ್ರಿ. ಯಾವ ಖುರ್ಚಿನೂ ಅವರಿಗಿಲ್ಲ, ಆದ್ರ ಅವರಿಲ್ಲದ ಬ್ಯಾನರ್ ಇಲ್ಲ. ಬಿಳಿ ಬಟ್ಟಿ, ಹಿಂದ ಮುಂದ ಹುಡುಗರು, ಎರಡೂ ಕಿವಿಗೆ ಫೋನು. ಸಾಹೇಬ್ರ ಲಿಂಬಿ ಅಡತಿ ಅಂಗಡಿ ಇದ್ದದ್ದು ಅವರ ಜಾಗಾದಾಗ. ಸಂಜಿಗೆ ಸಾಹೇಬ್ರನ ಕರಸಿ, "ನಾ ಮ್ಯಾಲ ಒಂದು ಮಾತು ಹೇಳಿದ್ದೆ, ಆಗೇಬಿಡ್ತು ನೋಡ್ರಿ. ಊರ ಮಗಳ ಸತ್ಕಾರ ಆಗಬೇಕು" ಅಂದ್ರಂತ. ಯಾರ ಕಡೆ ಏನ್ ಹೇಳಿದ್ರೋ ಆ ದೇವರಿಗೆ ಗೊತ್ತು. ಆಕಿ ಅರ್ಜಿ ಹಾಕಿದ್ದು ನನ್ನ ಅಡಗಿಮನ್ಯಾಗ, ಸಾಕ್ಷಿ ನಾ ಅದೇನಿ.

ಸತ್ಕಾರ ಅಂದ್ರ ನಮ್ಮ ಕಡೆ ಹುಚ್ಚು. ಪಾಸಾದ್ರ ಸತ್ಕಾರ, ವರ್ಗಾ ಆದ್ರ ಸತ್ಕಾರ, ದವಾಖಾನಿಯಿಂದ ಮನಿಗೆ ಬಂದ್ರೂ ಸತ್ಕಾರ. ಮಾಡಿಸಿಕೊಳ್ಳೂದಿಲ್ಲ ಅಂತ ಅನ್ನೂ ಹಂಗಿಲ್ಲ, ಅಂದ್ರ ಸೊಕ್ಕು ಬಂದೈತಿ ಅಂತಾರ. ಆಕಿ ಫೋನಿನ್ಯಾಗನ ಅಪ್ಪನ ಕೂಡ ಜಗಳ ಮಾಡಿದ್ಲು. ಕಡೀಕ ನನ್ನ ಜೋಡಿ ಮಾಡ್ಕೊಂಡು, ಹೆಂಗರ ಮಾಡಿ ನಿಲ್ಲಸಬೇಕಂತ ಇಂಡಿಗೆ ಹೊಂಟ್ಲು. ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಇಳದು ಇಂಡಿ ಬಸ್ಸಿಗೆ ನಿಂತ್ವಿ, ಅಲ್ಲೇ ಆಕಿ ಮಾರಿ ಆಕೀಗೆ ಎದುರಾತು. ಅಷ್ಟುದ್ದ ಬ್ಯಾನರ್! ಬಾಜು ಮುಖಂಡರದು ಆಕೀಕಿಂತ ದೊಡ್ಡ ಫೋಟೋ, ಕೆಳಗ ಸಾಲಾಗಿ ಹುಡುಗರ ತಲಿ, ಹಿಂದ ಇಂಟರ್ನೆಟ್ಟಿಂದ ತಗದ ಒಂದು ದೊಡ್ಡ ವಿಮಾನ. "ಆ ವಿಮಾನ ನಾ ಹಾರ್ಸೂದಲ್ರಿ ಅಕ್ಕಾರ" ಅಂದ್ಲು.

ಮನಿಗೆ ಹೋದ್ವಿ. ಸಾಹೇಬ್ರು ಹೊಸಾ ಶೇರವಾನಿ ಹಾಕ್ಕೊಂಡು ಕನ್ನಡಿ ಮುಂದ ನಿಂತಿದ್ರು. ಮಗಳನ್ನ ನೋಡಿ ಗಾಬರಿ ಆದ್ರು. "ಬೇಟಿ, ಅವರು ಪ್ರೀತಿಲೆ ಮಾಡಾಕತ್ತಾರ. ನಾ ಅವರ ಜಾಗಾದಾಗ ಕುಂತು ವ್ಯಾಪಾರ ಮಾಡಾಂವ, ಒಲ್ಲೆ ಅಂತ ಹೆಂಗ ಅನ್ನಲಿ?" ಅಂದ್ರು. ಅಷ್ಟ ಅಂದಿದ್ರ ಆಕಿ ಒಪ್ಪತಿರಲಿಲ್ಲ ಅನ್ನಸ್ತೈತಿ. ಆಮ್ಯಾಲ ದನಿ ಸಣ್ಣಗ ಮಾಡಿ, "ತ್ವಾಟ ಮಾರಿದಾಗ ಎಲ್ಲಾರೂ ನಕ್ಕಿದ್ರವ್ವ. ಇವತ್ತ ಅವರೆಲ್ಲಾ ಬರ್ತಾರ" ಅಂದ್ರು. ಆಕಿ ಅಪ್ಪನ ಕಾಲರ್ ಸರಿ ಮಾಡಿ, "ನಡೀರಿ ಅಬ್ಬಾ" ಅಂದ್ಲು.

ಮುಖಂಡರ ಮುಂದ ಆಕಿ ಕೈ ಮುಗದು ಕೇಳಿಕೊಂಡಿದ್ಲು: ಕಂಪನಿ ಹೆಸರು ಬ್ಯಾಡ, ವಿಡಿಯೋ ಬ್ಯಾಡ. "ಹೂಂ ಹೂಂ, ತಿಳೀತು ತಂಗಿ, ನೀ ಆರಾಮ ಕುಂಡ್ರ" ಅಂದ್ರು. ಆ "ಹೂಂ" ಅನ್ನೂದಕ್ಕ ನಾಯಿ ಕಿಮ್ಮತ್ತೂ ಇರಲಿಲ್ಲ. ಆಕೀನ ತೆರದ ಜೀಪಿನ್ಯಾಗ ನಿಂದ್ರಿಸಿ ಊರಾಗೆಲ್ಲಾ ಮೆರಸಿದ್ರು. ಲಿಂಬಿಹಣ್ಣು ಪೋಣಿಸಿದ ಆಳೆತ್ತರದ ಹಾರ ಮಾಡಿಸಿದ್ರು, ಅದನ್ನ ಹಿಡಿಯಾಕ ಆಗದ ಜೆಸಿಬಿಗೆ ಜೋತಬಿಟ್ಟಿದ್ರು. ಡಾಲ್ಬಿ ಸ್ಪೀಕರ್ ಹಚ್ಚಿದ್ರು. ಆಕಿ ತಲಿ ಮ್ಯಾಲ ಪೇಟಾ, ಮೈಮ್ಯಾಲ ಶಾಲಿನ ಮ್ಯಾಲ ಶಾಲು. ಎಲ್ಲಾರ ಕೈಯಾಗೂ ಫೋನು, ಎಲ್ಲಾ ಫೋನಿನ್ಯಾಗೂ ವಿಡಿಯೋ.

ಮುಖಂಡರು ಮೈಕ್ ಹಿಡದ್ರು. ಮೊದಲ ಕಂಪನಿ ಹೆಸರು ಹೇಳಿದ್ರು. ಆಮ್ಯಾಲ ಅದರಾಗ ಅಡ್ಡಾಡೂ ಒಬ್ಬ ಭಾಳ ದೊಡ್ಡವರ ಹೆಸರು ಹೇಳಿದ್ರು. "ಅವರು ಕುಂಡ್ರೂ ವಿಮಾನದ ಸ್ಟೇರಿಂಗ ಇನ್ನ ನಮ್ಮ ಇಂಡಿ ಮಗಳ ಕೈಯಾಗ! ಅವರು ಎಲ್ಲಿ ಹೋಗ್ತಾರ, ಯಾರ ಕೂಡ ಹೋಗ್ತಾರ, ಹಿಂದ ಕುಂತು ಏನ್ ಮಾತಾಡ್ತಾರ, ಎಲ್ಲಾ ಇನ್ನ ಮೊದಲ ನಮಗ ಗೊತ್ತಾಗ್ತೈತಿ!" ಅಂತ ಗಂಟಲು ಹರಕೊಂಡ್ರು. ಸಿಳ್ಳು, ಚಪ್ಪಾಳಿ. ಆಕಿ ಎದ್ದು ಮೈಕ್ ಇಸಕೊಂಡು, "ಹಂಗ ಏನೂ ಇಲ್ರಿ. ದಯಮಾಡಿ ಇದನ್ನ ಎಲ್ಲೂ ಹಾಕಬ್ಯಾಡ್ರಿ" ಅಂದ್ಲು. ಎಷ್ಟು ವಿನಯ ನೋಡ್ರಿ ಅಂತ ಮತ್ತೊಂದು ಸರ್ತಿ ಚಪ್ಪಾಳಿ ಹೊಡದ್ರು. ಸಾಹೇಬ್ರು ಮುಂದಿನ ಸಾಲಿನ್ಯಾಗ ಕುಂತು ಕಣ್ಣೀರು ಒರಸ್ಕೊಳ್ಳಾಕತ್ತಿದ್ರು.

ನಾವು ತಿರುಗಿ ಮುದ್ದೇಬಿಹಾಳ ಮುಟ್ಟೂದರೊಳಗ ಆ ಭಾಷಣ ನಮ್ಮ ಓಣಿ ವಾಟ್ಸಾಪಿಗೂ ಬಂದಿತ್ತು. ಮುಂದ ಎರಡು ಮೂರು ದಿವಸಕ್ಕ ಕಂಪನಿಯಿಂದ ಫೋನ್. ಆಕಿ ನನ್ನ ಎದುರಿಗೇ ಮಾತಾಡಿದ್ಲು. ಮಾತಾಡಿದ್ದೇನು ಬಂತು, ಕೇಳಿದ್ಲು. ನಿಮ್ಮ ಹಾರಾಟದ ಬಗ್ಗೆ ತಕರಾರಿಲ್ಲ, ಆ ವಿಡಿಯೋ ನಮ್ಮ ಗಿರಾಕಿ ಆಫೀಸಿನವರು ನೋಡ್ಯಾರ, ನಿಮ್ಮನ್ನ ತಗೊಳ್ಳಾಕ ಆಗಂಗಿಲ್ಲ ಅಂದ್ರಂತ. ಆಕಿ "ಸರಿ ಮ್ಯಾಡಂ" ಅಂದು ಫೋನ್ ಕೆಳಗಿಟ್ಲು. ಅಗಸಿ ಬಾಗಲದಂಥಾ ಬಾಯಿ ಇದ್ದ ಊರು, ಇಡೀ ಜಿಲ್ಲಾದಾಗ ಬಾಯಿ ಕಟ್ಟಿ ಇದ್ದ ಒಬ್ಬಾಕಿಗೆ ಬಾಯಿಬಡಕಿ ಅನ್ನೂ ಹಣಿಪಟ್ಟಿ ಹಚ್ಚಿ ಕಳಸ್ತು. ನನಗ ಅಳು ಬಂತು. ಆಕಿ ಅಳಲಿಲ್ಲ, ಮ್ಯಾಲ ಹೋಗಿ ಖೋಲಿ ಬಾಗಲಾ ಹಾಕ್ಕೊಂಡ್ಲು.

ಮುಂದಿನ ವಾರನ ಮಂದಿ ಮಾತು ಚಾಲೂ ಆತು. ಮೆಡಿಕಲ್‌ನ್ಯಾಗ ಫೇಲ್ ಆದ್ಲಂತ. ಅಂಜಿ ಓಡಿ ಬಂದ್ಲಂತ. ಹೆಣ್ಣುಮಕ್ಕಳಿಗೆ ಯಾಕ ಬೇಕಿತ್ತು ಇದೆಲ್ಲಾ. ಸಿಳ್ಳು ಹೊಡದವರ ಹಿಂಗ ಅಂದವರು. ನಾ ಇಂಡಿಗೆ ಹೋಗಿ ಆ ಮುಖಂಡನ ಗಿರೇಬಾನ್ ಹಿಡದು ಕೇಳ್ತೇನಿ ಅಂತ ಎದ್ದೆ. ಆಕಿ ನನ್ನ ಕೈ ಹಿಡದು ಕುಂಡ್ರಿಸಿದ್ಲು. "ಬ್ಯಾಡ್ರಿ ಅಕ್ಕಾರ. ಖರೆ ಏನಂತ ಹೊರಗ ಬಿದ್ರ ಅಬ್ಬಾಗೂ ಗೊತ್ತಾಗ್ತೈತಿ. ಅವರ ಸಲುವಾಗಿ ನಾ ಜೀಪ್ ಹತ್ತಿದ್ದು ಅಂತ ತಿಳದ್ರ ಅವರು ಉಳಿಯಂಗಿಲ್ರಿ" ಅಂದ್ಲು. ಅಪ್ಪ ಯಾಕ ಆಗಲಿಲ್ಲ ಬೇಟಿ ಅಂತ ಕೇಳಿದ್ದಕ್ಕ, "ಇನ್ನೊಬ್ರು ನನಕಿಂತ ಚೊಲೊ ಹಾರಸ್ತಿದ್ರು ಅಬ್ಬಾ" ಅಂತ ಹೇಳಿಬಿಟ್ಟಿದ್ಲು. ಆಕಿ ಬಾಯಿಂದ ನಾ ಕೇಳಿದ ಸುಳ್ಳು ಅದೊಂದ. ಸಾಹೇಬ್ರು ಅದನ್ನ ನಂಬಿದ್ರು. ಸಾಯೂತನಕ ನಂಬಿದ್ರು.

ಹೇಳಿದಂಗ ಆಕಿ ಆ ವರ್ಷ ಹಾರೂದು ಬಿಟ್ಲು. ಲೈಸನ್ಸ್ ಸತ್ತು ಹೋತು. ಈಗ ಬ್ಯಾರೆ ರಾಜ್ಯದಾಗ ಒಂದು ವಿಮಾನ ಕಲಿಸೂ ಸಾಲ್ಯಾಗ ಗಾಳಿ, ಮೋಡ, ದಿಕ್ಕು ಅಂತ ಪಾಠ ಹೇಳ್ತಾಳ. ಆಕಿ ಕಲಿಸಿದ ಹುಡುಗರು ಎದ್ದು ಹೋಗಿ ವಿಮಾನ ಹತ್ತತಾರ, ಆಕಿ ಬೋರ್ಡ್ ಒರಸ್ತಾಳ. ಯಾವಾಗರ ಫೋನ್ ಮಾಡಿ, "ನಾ ಆರಾಮ ಅದೇನ್ರಿ ಅಕ್ಕಾರ" ಅಂತಾಳ. ಆರಾಮ ಇಲ್ಲ ಅಂತ ನನಗ ಗೊತ್ತೈತಿ.

ಮೊನ್ನೆ ಮಾತಾಡ್ಸಾಕ ಹೋದಾಗ ಮನಿ ಮುಂದ ಪೆಂಡಾಲ್ ಹಾಕಿದ್ರು. ಆಕಿ ಮಾರಿ ಬತ್ತಿ ಹೋಗಿತ್ತು. ಬಾಜು ಕುಂತು ಕಿವಿಯೊಳಗ, "ಇನ್ನ ಯಾರ ಸಲುವಾಗಿ ಸುಮ್ನ ಇರ್ತೀ ತಂಗಿ? ಇನ್ನರ ಹೇಳಿಬಿಡ" ಅಂದೆ. ಆಕಿ ಉತ್ತರ ಕೊಡೂದರೊಳಗ ಮುಖಂಡರ ಗಾಡಿ ಬಂತು. ಎಲ್ಲಾರೂ ಎದ್ದು ಜಾಗಾ ಬಿಟ್ರು. ಅವರು ಆಕಿ ಎದುರಿಗೆ ಖುರ್ಚಿ ಹಾಕಿಸ್ಕೊಂಡು ಕುಂತ್ರು.

"ಸಾಹೇಬ್ರು ದೊಡ್ಡ ಮನಶ್ಯಾ. ಒಂದ ಒಂದು ಕೊರಗು ಇಟ್ಕೊಂಡು ಹೋದ್ರು ನೋಡ ತಂಗಿ. ನಾ ಅಷ್ಟ ಓಡಾಡಿ ಕೊಡಿಸಿದ ನೌಕರಿ ನಿನ್ನ ಕೈಲೆ ಉಳಿಸ್ಕೊಳ್ಳಾಕ ಆಗಲಿಲ್ಲ" ಅಂದ್ರು. ನಾ ಹಲ್ಲು ಕಚ್ಚಿ ಹಿಡದೆ. ಆಕಿ ನೆಲಾ ನೋಡ್ಕೊಂತ ಕುಂತಿದ್ಲು. ಅವರಿಗೆ ಖರೇನ ದುಃಖ ಆಗಿತ್ತು, ಅದು ನನಗ ಇನ್ನೂ ಸಂಕಟ. ಕಣ್ಣು ಒರಸ್ಕೊಂಡು, "ನಮ್ಮ ಸಣ್ಣ ಮಗಳೂ ಪೈಲಟ್ ಆಗ್ತೇನಿ ಅಂತ ಕಲಿಯಾಕ ಹೋಗ್ಯಾಳ. ಭಾಳ ಚುರುಕದಾಳ. ಆಕೀಗೆ ಏನರ ಒಂದೀಟು ಬುದ್ಧಿ ಹೇಳ ತಂಗಿ, ನಿನ್ನಂಗ ಆಗಬಾರದು" ಅಂದ್ರು.

ಆಕಿ ತಲಿ ಎತ್ತಿದ್ಲು. ಅವರ ಮಾರಿ ನೆಟ್ಟಗ ನೋಡಿದ್ಲು.

"ಆಕೀಗೆ ಹೇಳೂದೇನಿಲ್ರಿ. ನಿಮಗ ಹೇಳ್ತೇನಿ. ಆಕಿ ನೌಕರಿ ಆದ್ರ ಯಾರ ಮುಂದೂ ಹೇಳಬ್ಯಾಡ್ರಿ."

ಈಗರ ತಿಳೀತೈತಿ, ಈಗರ ಆ ಮನಶ್ಯಾನ ಮಾರಿ ಕಪ್ಪಿಡ್ತೈತಿ ಅಂತ ನಾ ನೋಡಿದೆ. ಮುಖಂಡರು ಒಂದು ಗಳಿಗಿ ಆಕೀನ ನೋಡಿದ್ರು. ಆಮ್ಯಾಲ ನಕ್ಕು, ಆಕಿ ತಲಿ ಮ್ಯಾಲ ಕೈ ಇಟ್ರು.

"ಅಯ್ಯ ಹುಚ್ಚಿ, ಹೇಳದ ಇರೂದ್ ಹೆಂಗ? ಇಡೀ ಜಿಲ್ಲಾ ನೋಡಬೇಕು ಹಂಗ ಸತ್ಕಾರ ಮಾಡ್ತೇನಿ ನನ್ನ ಮಗಳದು. ನೀನ ಮುಖ್ಯ ಅತಿಥಿ. ಈಗ ಹೇಳಿಬಿಟ್ಟೇನಿ ನೋಡ, ಬರಲಿಲ್ಲಂದ್ರ ಬಿಡಂಗಿಲ್ಲ."

ಸುತ್ತ ಕುಂತವರೆಲ್ಲಾ "ಹೌದ್ರಿ, ಹೌದ್ರಿ" ಅಂತ ಗೋಣು ಹಾಕಿದ್ರು.